ಮಗಳ ಮೊದಲ ಇಷ್ಟ: ನಗಬೇಡಿ, ಗದರಬೇಡಿ

ತರಗತಿಯ ಹುಡುಗನೊಬ್ಬನ ಹೆಸರು ಬಂದರೆ ನಿಮ್ಮ ಹನ್ನೊಂದರ ಮಗಳು ನಾಚಿಕೊಳ್ಳುತ್ತಾಳೆಯೇ? ಗಾಬರಿ ಬೇಡ. ಹೆಣ್ಣುಮಕ್ಕಳ ಮೈ ಸಾಮಾನ್ಯವಾಗಿ 8ರಿಂದ 13ನೇ ವಯಸ್ಸಿನೊಳಗೆ ಬದಲಾಗತೊಡಗುತ್ತದೆ. ಹಾರ್ಮೋನುಗಳ ಜೊತೆ ಮನಸ್ಸೂ ಬದಲಾಗುತ್ತದೆ.

ಹೈದರಾಬಾದಿನ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಗೆಳತಿಯರೊಡನೆ ತೆಲುಗು, ಹಿಂದಿ ಆಡುತ್ತಾರೆ. 'ಕ್ರಶ್' ಎಂಬ ಮಾತು ಶಾಲೆಯಲ್ಲೇ ಉಳಿದುಬಿಡುತ್ತದೆ. ಅಮ್ಮನಿಗೆ ಹೇಳಲು ಕನ್ನಡದಲ್ಲಿ ಪದ ಸಿಗುವುದಿಲ್ಲ. 'ಅವನಲ್ಲಿ ನಿನಗೆ ಏನು ಇಷ್ಟ ಪುಟ್ಟಿ?' ಎಂದು ನೀವೇ ಮಾತು ತೆಗೆಯಿರಿ. ನೆಂಟರ ಮುಂದೆ ಮಾತ್ರ ಗೇಲಿ ಮಾಡಬೇಡಿ.

ಮೂರು ಮಾತು ಹೇಳಿಕೊಡಿ. ಇಷ್ಟವಾಗುವುದು ತಪ್ಪಲ್ಲ. ಅವನಿಗೆ ನೀನು ಇಷ್ಟವಾಗದಿದ್ದರೆ ನಿನ್ನ ಬೆಲೆಯೇನೂ ಕಡಿಮೆಯಾಗದು. ಮನಸ್ಸಿಗೆ ಒಗ್ಗದ್ದಕ್ಕೆ ಧೈರ್ಯವಾಗಿ 'ಬೇಡ' ಎನ್ನು.

ಯಾರಾದರೂ ಫೋಟೋ ಕಳಿಸೆಂದು ಕಾಡಿದರೆ, 'ಮನೆಯಲ್ಲಿ ಹೇಳಬೇಡ' ಎಂದರೆ ಅದು ಇಷ್ಟವಲ್ಲ, ಅಪಾಯ. ಆಗ ಮಕ್ಕಳ ಸಹಾಯವಾಣಿ 1098ಕ್ಕೆ ಉಚಿತವಾಗಿ ಕರೆ ಮಾಡಬಹುದು. ನಗರದಲ್ಲಿ 2014ರಲ್ಲಿ ಆರಂಭವಾದ ಪೊಲೀಸರ ಷೀ ಟೀಮ್ಸ್ ಕೂಡ ಇವೆ.

ಆದರೆ ಮಗಳು ಮೊದಲು ಹೇಳಬೇಕಾದದ್ದು ನಿಮಗೆ. ಇವತ್ತಿನ ಚಿಕ್ಕ ಗುಟ್ಟಿಗೆ ನೀವು ಗದರಿದರೆ, ನಾಳೆಯ ದೊಡ್ಡ ತೊಂದರೆಯನ್ನೂ ಅವಳು ಮುಚ್ಚಿಡುತ್ತಾಳೆ.