ಮೀನಿನ ಮನೆಗೆ ನೆರೆಯವರನ್ನು ಹುಡುಕುವಾಗ

ಬಂಡೀಪುರದ ಕಾಡುರಸ್ತೆಯಲ್ಲಿ ಹೋದವರಲ್ಲಿ ಅನೇಕರು ಈ ನೋಟ ಕಂಡಿರುತ್ತೀರಿ. ಮರದ ಮೇಲೆ ಮುಸುವಗಳ ಹಿಂಡು ಚಿಗುರು ತಿನ್ನುತ್ತಿರುತ್ತದೆ. ಅದೇ ಮರದ ಕೆಳಗೆ ಚುಕ್ಕಿಜಿಂಕೆಗಳು ಉದುರಿದ ಎಲೆ, ಕಾಯಿ ತಿನ್ನುತ್ತಿರುತ್ತವೆ. ಹುಲಿಯ ಸುಳಿವು ಸಿಕ್ಕರೆ ಮುಸುವ ಮೇಲಿನಿಂದಲೇ ಕೂಗಿ ಎಲ್ಲರನ್ನೂ ಎಚ್ಚರಿಸುತ್ತದೆ. ಒಬ್ಬರದು ಮೇಲಿನ ಮಹಡಿ, ಇನ್ನೊಬ್ಬರದು ಕೆಳಗಿನ ಮಹಡಿ. ಜಾಗಕ್ಕೂ ಜಗಳವಿಲ್ಲ, ಊಟಕ್ಕೂ ಜಗಳವಿಲ್ಲ. ಅದೇ ಎರಡು ಗಂಡು ಹುಲಿಗಳು ಒಂದೇ ಗಡಿಯೊಳಗೆ ಬಂದರೆ ಏನಾಗುತ್ತದೆಂದು ನಿಮಗೇ ಗೊತ್ತು.

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರಿಗೂ ಇದೇ ಪಾಠ. ಮೊಮ್ಮಗಳು ತೊಟ್ಟಿ ಬೇಕೆಂದು ಹಟ ಹಿಡಿದಾಗ ನಾನು ಹೇಳಿದ್ದು ಒಂದೇ ಮಾತು: "ಬಣ್ಣ ನೋಡಿ ಆರಿಸಬೇಡ, ಸ್ವಭಾವ ನೋಡಿ ಆರಿಸು." ಅವಳ ಕಣ್ಣು ಬಿದ್ದದ್ದು ಸಿಕ್ಲಿಡ್ ಮೀನುಗಳ ಮೇಲೆ.

ಸಿಕ್ಲಿಡ್ ಎಂಬುದು ಬಹು ದೊಡ್ಡ ಕುಟುಂಬ. ಅಂಗಡಿಯಲ್ಲಿ ಕಾಣುವ ಏಂಜೆಲ್, ಆಸ್ಕರ್, ಫ್ಲವರ್ ಹಾರ್ನ್ ಎಲ್ಲವೂ ಅದೇ ಮನೆತನದವು. ಹೆಚ್ಚಿನವು ಆಫ್ರಿಕ ಮತ್ತು ಅಮೆರಿಕ ಖಂಡಗಳವು. ಭಾರತದ ಮೂಲನಿವಾಸಿ ಸಿಕ್ಲಿಡ್‌ಗಳು ಮೂರೇ. ಒಂದು, ಕೇರಳದವರು ಇಷ್ಟಪಟ್ಟು ತಿನ್ನುವ ಕರಿಮೀನ್. ಇನ್ನೊಂದು, ನಮ್ಮ ದಕ್ಷಿಣ ಕನ್ನಡದ ನದಿಗಳಲ್ಲಿರುವ ಕೆನರಾ ಪರ್ಲ್‌ಸ್ಪಾಟ್. ಮೂರನೆಯದು, ಅಂಗೈ ಅಗಲವೂ ಇಲ್ಲದ ಆರೆಂಜ್ ಕ್ರೊಮೈಡ್. ಮಲಯಾಳಿಗಳು ಇದನ್ನು ಪಳ್ಳತ್ತಿ ಎನ್ನುತ್ತಾರೆ. ಕಿತ್ತಳೆ ಹಳದಿ ಮೈ, ಪಕ್ಕೆಯಲ್ಲಿ ಕಪ್ಪು ಬೊಟ್ಟು.

ಈ ಮೀನುಗಳ ದೊಡ್ಡ ಗುಣ ಮಕ್ಕಳ ಮೇಲಿನ ಮಮತೆ. ಕ್ರೊಮೈಡ್ ಜೋಡಿ ಕಲ್ಲಿನ ಮೇಲೆ ಮೊಟ್ಟೆಯಿಟ್ಟು, ರೆಕ್ಕೆಯಿಂದ ನೀರು ಬೀಸುತ್ತಾ ಕಾವಲು ಕಾಯುತ್ತದೆ. ಮರಿಗಳು ಅಪ್ಪ ಅಮ್ಮನ ಮೈಮೇಲಿನ ಲೋಳೆಯನ್ನೇ ಮೆಲ್ಲಗೆ ಮುಕ್ಕಿ ತಿನ್ನುತ್ತವೆ. ಆದರೆ ಮಮತೆ ಇದ್ದಲ್ಲಿ ಸಿಟ್ಟೂ ಇರುತ್ತದೆ. ಮೊಟ್ಟೆಯ ಹತ್ತಿರ ಯಾರು ಬಂದರೂ ಅಟ್ಟಿಸಿಕೊಂಡು ಹೋಗುತ್ತವೆ. ಆದ್ದರಿಂದಲೇ ನೆರೆಯವರನ್ನು ಹುಡುಕುವಾಗ ಮೂರು ಪ್ರಶ್ನೆ ಕೇಳಬೇಕು.

ಮೊದಲನೆಯದು, ನೀರು ಒಂದೇ ಆಗುತ್ತದೆಯೇ? ನಮ್ಮ ಮನೆಯ ಬೋರ್‌ವೆಲ್ ನೀರು ಗಡಸು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ದಕ್ಷಿಣ ಅಮೆರಿಕದ ಪುಟ್ಟ ಸಿಕ್ಲಿಡ್ ರ‍್ಯಾಮ್ ನೋಡಲು ನವಿಲಿನಷ್ಟು ಚೆಂದ. ಆದರೆ ಅದಕ್ಕೆ ಮೃದುವಾದ ನೀರು ಬೇಕು, 27ರಿಂದ 30 ಡಿಗ್ರಿ ಬಿಸಿಯೂ ಬೇಕು. ಕ್ರೊಮೈಡ್ ಹಾಗಲ್ಲ. ಕರಾವಳಿಯಲ್ಲಿ ಸಿಹಿನೀರಿನಲ್ಲೂ ಉಪ್ಪು ಬೆರೆತ ಹಿನ್ನೀರಿನಲ್ಲೂ ಬಾಳುವ ಅದಕ್ಕೆ ಗಡಸು ನೀರು ಒಗ್ಗುತ್ತದೆ. ಬಿಸಿ 25 ಡಿಗ್ರಿ ಇದ್ದರೆ ಸಾಕು. ಚಳಿಗಾಲದ ರಾತ್ರಿಗಳಿಗೆ ಮಾತ್ರ ಒಂದು ಸಣ್ಣ ಹೀಟರ್ ಇಟ್ಟಿದ್ದೇವೆ.

ಎರಡನೆಯದು, ಯಾರ ಬಾಯಿ ಎಷ್ಟು ದೊಡ್ಡದು? ಬಾಯಿಗೆ ಹಿಡಿಸುವ ಮೀನು ನೆರೆಯದಲ್ಲ, ಊಟ. ಆಸ್ಕರ್ ಪಕ್ಕದಲ್ಲಿ ಗಪ್ಪಿ ಉಳಿಯದು. ಬಾಯಿ ಚಿಕ್ಕದಾದರೂ ಕೀಟಲೆಯವರಿದ್ದಾರೆ: ಟೈಗರ್ ಬಾರ್ಬ್ ನಿಧಾನವಾಗಿ ಈಜುವ ಮೀನುಗಳ ರೆಕ್ಕೆ ಕಚ್ಚುತ್ತದೆ.

ಮೂರನೆಯದು, ಯಾರು ಯಾವ ಮಹಡಿಯವರು? ಸಣ್ಣ ಸಿಕ್ಲಿಡ್‌ಗಳು ಹೆಚ್ಚಾಗಿ ಕಲ್ಲು, ಬೇರುಗಳ ಸಂದಿ ಹಿಡಿದು ತಳದಲ್ಲೇ ಮನೆ ಮಾಡುತ್ತವೆ. ತಳದಲ್ಲೇ ಓಡಾಡುವ ಕೋರಿಡೋರಾಸ್ ಎಂಬ ಸಾಧು ಮೀನನ್ನು ಜೊತೆಗೆ ಬಿಟ್ಟರೆ ಇಬ್ಬರಿಗೂ ಕಷ್ಟ. ಅದು ಮೊಟ್ಟೆ ತಿನ್ನಲು ಹೋಗುತ್ತದೆ, ಇವು ಅದನ್ನು ಗುದ್ದುತ್ತವೆ. ಮೇಲ್ಗಡೆ ಗುಂಪಾಗಿ ಈಜುವ ಮೀನೇ ಸಿಕ್ಲಿಡ್‌ಗೆ ಒಳ್ಳೆಯ ನೆರೆ. ಮೇಲೆ ಮೀನುಗಳು ನಿರ್ಭಯವಾಗಿ ಓಡಾಡುತ್ತಿದ್ದರೆ ಕೆಳಗಿನ ನಾಚಿಕೆಯ ಸಿಕ್ಲಿಡ್‌ಗೆ 'ಅಪಾಯವಿಲ್ಲ' ಎಂಬ ಧೈರ್ಯ ಬರುತ್ತದೆ, ಅಡಗುತಾಣದಿಂದ ಹೊರಬರುತ್ತದೆ. ಮುಸುವನ ಜೊತೆಗಾರಿಕೆ ಜಿಂಕೆಗೆ ನೆರವಾಗುವುದೂ ಹೀಗೆಯೇ ಅಲ್ಲವೇ?

ನಮ್ಮ ತೊಟ್ಟಿ 3 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ. ಅಂಚಿನವರೆಗೆ ತುಂಬಿದರೆ 85 ಲೀಟರ್ ಹಿಡಿಯುತ್ತದೆ. ಫಿಲ್ಟರ್ ಹಾಕಿ, ನೀರು ಹದಕ್ಕೆ ಬಂದ ಮೇಲೆ ಮೊದಲು ಎಂಟು ಜೀಬ್ರಾ ಡೇನಿಯೊ ಬಿಟ್ಟೆವು. ನೀಲಿ ಪಟ್ಟೆಯ ಈ ಚುರುಕು ಮೀನು ನಮ್ಮ ದೇಶದ್ದೇ. ಒಂದೋ ಎರಡೋ ಬಿಟ್ಟರೆ ಅದು ಬೆದರುತ್ತದೆ, ಗುಂಪು ಬೇಕು. ಅವು ಹೊಂದಿಕೊಂಡ ಮೇಲೆ ಆರು ಕ್ರೊಮೈಡ್ ಮರಿಗಳು ಬಂದವು. ಗಡಿ ಕಟ್ಟುವವರು ಕೊನೆಗೆ ಬರಬೇಕು, ಮಕ್ಕಳೇ. ಮೊದಲೇ ಬಂದರೆ ಇಡೀ ತೊಟ್ಟಿಯೇ ತಮ್ಮದೆನ್ನುತ್ತಾರೆ. ಮಣ್ಣಿನ ಕುಡಿಕೆ, ಚಪ್ಪಟೆ ಕಲ್ಲುಗಳನ್ನು ಅಲ್ಲಲ್ಲಿ ಇಟ್ಟು, ಒಬ್ಬರಿಗೊಬ್ಬರು ಕಾಣದಂತೆ ಮರೆ ಮಾಡಿದೆವು. ಜಗಳ ಹೆಚ್ಚಾದಾಗ ಕಲ್ಲುಗಳ ಜಾಗ ಬದಲಿಸಿದರೆ ಹಳೆಯ ಗಡಿಗಳು ಅಳಿಸಿಹೋಗುತ್ತವೆ.

ಮರಿಗಳು ಬೆಳೆದು ಎರಡು ಜೋಡಿಯಾದವು. ಉಳಿದ ನಾಲ್ಕಕ್ಕೆ ನೆಲೆ ಇಲ್ಲದಾಯಿತು. ಆಗ ಮೊಮ್ಮಗಳು ಕೇಳಿದಳು: "ತಾತ, ಪಾಪ, ಕೆರೆಗೆ ಬಿಟ್ಟುಬಿಡೋಣ್ವಾ?"

ಈ ಪ್ರಶ್ನೆಗೆ ಉತ್ತರ ಪ್ರತಿ ಮನೆಯಲ್ಲೂ ಗೊತ್ತಿರಬೇಕು. ನಮ್ಮ ಕಡೆ ಜಿಲೇಬಿ ಮೀನು ಎನ್ನುವ ತಿಲಾಪಿಯಾ ಕೂಡ ಸಿಕ್ಲಿಡ್ಡೇ. ಆಫ್ರಿಕದ ಈ ಮೀನನ್ನು 1952ರಲ್ಲಿ ಸಾಕಣೆಗೆಂದು ಭಾರತಕ್ಕೆ ತಂದರು. ಮರಿಗಳನ್ನು ಬಾಯಲ್ಲೇ ಇಟ್ಟು ಕಾಯುವ ಅದು ಬೇಗ ಹೆಚ್ಚಿತು. ಇಂದು ಕಾವೇರಿ ಸೀಮೆಯ ಕೆರೆ ಹೊಳೆಗಳಲ್ಲಿ ಊರಿನ ಮೀನುಗಳ ಜಾಗಕ್ಕೂ ಆಹಾರಕ್ಕೂ ಪೈಪೋಟಿ ನಡೆಸುತ್ತಿದೆ. ಬಂಡೀಪುರ ಮತ್ತು ಮುದುಮಲೆಯ ನಡುವೆ ಹರಿಯುವ ಮೋಯಾರ್ ಹೊಳೆಯಲ್ಲಿ ಗೂನುಬೆನ್ನಿನ ಮಹಶೀರ್ ಇದೆ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲದ ಈ ಮೀನನ್ನು 2018ರಲ್ಲಿ 'ತೀವ್ರ ಅಪಾಯದಲ್ಲಿರುವ ಜೀವಿ' ಎಂದು ಪಟ್ಟಿ ಮಾಡಲಾಗಿದೆ. ಹೊರಗಿನಿಂದ ತಂದು ಬಿಟ್ಟ ಬೇರೆ ಜಾತಿಯ ಮಹಶೀರ್ ಅದರ ಕಷ್ಟದ ಕಾರಣಗಳಲ್ಲಿ ಒಂದು. ತೊಟ್ಟಿಯಲ್ಲಿ ನೆರೆಯವರು ಹೊಂದದಿದ್ದರೆ ಬಲೆ ಹಾಕಿ ಎತ್ತಬಹುದು. ಹೊಳೆಯಲ್ಲಿ ಹಾಗೆ ಎತ್ತಲಾಗದು. ಹಾಗೆಯೇ ಕಾಡಿನ ಹೊಳೆಯಿಂದ ಮೀನು ಹಿಡಿದು ತರುವುದೂ ಕಾನೂನಿಗೆ ವಿರುದ್ಧ.

ಇದನ್ನೆಲ್ಲ ಕೇಳಿದ ಮೊಮ್ಮಗಳು ತನ್ನ ಗೆಳತಿಯರ ಮನೆಗಳಲ್ಲೆಲ್ಲ ವಿಚಾರಿಸಿ ಬಂದಳು. ದೊಡ್ಡ ತೊಟ್ಟಿಯಿದ್ದ ಒಂದು ಮನೆಯಲ್ಲಿ ನಾಲ್ಕಕ್ಕೂ ಜಾಗ ಸಿಕ್ಕಿತು. ನಿಮ್ಮಲ್ಲೂ ಮೀನು ಹೆಚ್ಚಾದರೆ ಅಂಗಡಿಗೆ ಮರಳಿಸಿ, ಇಲ್ಲವೇ ಸಾಕುವವರಿಗೆ ಕೊಡಿ. ಕೆರೆಗೆ ಮಾತ್ರ ಬೇಡ.