ಪದ ಗೊತ್ತು, ಮಾತು ಗೊತ್ತಿಲ್ಲ

ಪವಿತ್ರ ಕುರ್‌ಆನಿನ ಬನೀ ಇಸ್ರಾಈಲ್ ಅಧ್ಯಾಯದ 29ನೇ ಸೂಕ್ತದಲ್ಲಿ ಕೈಯನ್ನು ಕೊರಳಿಗೆ ಕಟ್ಟಿಕೊಳ್ಳುವ ಪ್ರಸ್ತಾಪವಿದೆ. ಅದು ಹಗ್ಗದ ಮಾತಲ್ಲ, ಜಿಪುಣತನದ ಮಾತು ಎಂದು ಖುತ್ಬಾ ಕೇಳುವವರಿಗೆಲ್ಲ ಗೊತ್ತು. ಬಿಡಿ ಪದಗಳನ್ನು ದಾಟಿ ಇಡೀ ಮಾತಿನ ಆಶಯ ಹಿಡಿಯುವುದು ನಮಗೆ ಹೊಸದಲ್ಲ. ಇಂಗ್ಲಿಷ್ ನುಡಿಗಟ್ಟುಗಳನ್ನೂ ಹೀಗೆಯೇ ಕಲಿಯಬೇಕು.

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾಯಿತು. ಹೊಸಕೋಟೆ, ನೆಲಮಂಗಲದ ಸುತ್ತ ದೊಡ್ಡ ಗೋದಾಮುಗಳು ಬಂದವು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಆಡುವ ನಮ್ಮ ಯುವಕ ಯುವತಿಯರಿಗೆ ಕೆಲಸದ ಜಾಗದಲ್ಲಿ ಇಂಗ್ಲಿಷ್ ಎದುರಾಗುತ್ತದೆ. ಪದಗಳೆಲ್ಲ ಶಾಲೆಯಲ್ಲಿ ಕಲಿತವೇ, ಆದರೂ ಮಾತು ತಿಳಿಯುವುದಿಲ್ಲ.

‘ಗಿವ್ ಮಿ ಎ ಹ್ಯಾಂಡ್’ ಎಂಬುದನ್ನೇ ನೋಡಿ. ಕನ್ನಡದಲ್ಲಿ ‘ಕೈ ಕೊಟ್ಟ’ ಎಂದರೆ ನಂಬಿಸಿ ಮೋಸ ಮಾಡಿದ ಎಂದರ್ಥ. ಇಂಗ್ಲಿಷಿನಲ್ಲಿ ಅದು ‘ಸ್ವಲ್ಪ ಸಹಾಯ ಮಾಡಿ’ ಎಂಬ ಕೋರಿಕೆ. ಉರ್ದುವಿನ ‘ಹಾಥ್ ಬಟಾನಾ’ ನೆನಪಿಸಿಕೊಂಡರೆ ಅರ್ಥ ಹೊಳೆಯುತ್ತದೆ. ‘ಪೀಸ್ ಆಫ್ ಕೇಕ್’ ಎಂದರೆ ನೀರು ಕುಡಿದಷ್ಟು ಸುಲಭ. ‘ಹ್ಯಾಂಗ್ ಆನ್’ ಎಂದರೆ ಸ್ವಲ್ಪ ತಾಳಿ. ‘ಅಂಡರ್ ದ ವೆದರ್’ ಎಂದರೆ ಮೈಗೆ ಹುಷಾರಿಲ್ಲ. ‘ಲೆಟ್ಸ್ ಕಾಲ್ ಇಟ್ ಎ ಡೇ’ ಎಂದರೆ ಇವತ್ತಿಗೆ ಕೆಲಸ ಸಾಕು. ‘ಐ ವಿಲ್ ಶೋ ಯು ದ ರೋಪ್ಸ್’ ಎಂದರೆ ಇಲ್ಲಿನ ಕೆಲಸ ನಾನು ಹೇಳಿಕೊಡುತ್ತೇನೆ.

ಇವು ತಪ್ಪಾಗಿ ತಿಳಿದರೂ ನಗುವಿನಲ್ಲಿ ಮುಗಿಯಬಹುದು. ಆದರೆ ಎರಡು ಮಾತುಗಳು ಹಾಗಲ್ಲ. ‘ಡೋಂಟ್ ಕಟ್ ಕಾರ್ನರ್ಸ್’ ಎಂದರೆ ಸಮಯ, ಖರ್ಚು ಉಳಿಸಲು ಮಾಡಲೇಬೇಕಾದದ್ದನ್ನು ಬಿಡಬೇಡಿ ಎಂದರ್ಥ. ಯಂತ್ರದ ಮುಂದೆ ನಿಂತವರಿಗೆ ಇದು ಜೀವದ ಪ್ರಶ್ನೆ. ‘ವಿ ಹ್ಯಾವ್ ಟು ಲೆಟ್ ಯು ಗೋ’ ಎಂದರೆ ಬೇಗ ಮನೆಗೆ ಹೋಗಿ ಎಂದಲ್ಲ, ಕೆಲಸದಿಂದ ತೆಗೆಯುತ್ತಿದ್ದೇವೆ ಎಂದು. ‘ಥ್ಯಾಂಕ್ ಯು’ ಹೇಳಿ ಹೊರಡಬೇಡಿ. ಕಾರಣವೇನು, ಬಾಕಿ ಸಂಬಳ ಯಾವಾಗ ಎಂದು ಕೇಳಿ, ಬರವಣಿಗೆಯಲ್ಲಿ ಪಡೆಯಿರಿ.

ಪದಗಳ ಅರ್ಥ ಸಂದರ್ಭಕ್ಕೆ ಹೊಂದದಿದ್ದರೆ ಅದು ನುಡಿಗಟ್ಟಿರಬಹುದು ಎಂದು ತಿಳಿಯಿರಿ. ಊಹಿಸಿ ತಲೆಯಾಡಿಸದೆ, ‘ಸಾರಿ, ವಾಟ್ ಡಸ್ ದಟ್ ಮೀನ್?’ ಎಂದು ಕೇಳಿ. ಕೇಳಿದ ವಾಕ್ಯವನ್ನು ಪೂರ್ತಿಯಾಗಿ, ಯಾವ ಸಂದರ್ಭದಲ್ಲಿ ಹೇಳಿದರು ಎಂಬುದರ ಜೊತೆಗೇ ಬರೆದಿಟ್ಟುಕೊಳ್ಳಿ.

ಕೇಳಿ ಕಲಿಯುವುದರಲ್ಲಿ ಅವಮಾನವಿಲ್ಲ. ಪತ್ರವ್ಯವಹಾರದಲ್ಲಿ ತಪ್ಪಾಗಬಾರದೆಂದು ಪ್ರವಾದಿಯವರು(ಸ) ಹ. ಝೈದ್ ಬಿನ್ ಸಾಬಿತ್‌ರಿಗೆ(ರ) ಯಹೂದಿಯರ ಬರಹ ಕಲಿಯಲು ಹೇಳಿದ್ದರು. ಅವರು ಕಲಿತರು, ಬಂದ ಪತ್ರಗಳನ್ನು ಓದಿ ಹೇಳಿದರು.