ಬೆಂಚ್ ಮೇಲೆ ಕೂತವರ ಕೋಚ್: ರಾಹುಲ್ ದ್ರಾವಿಡ್ ಎರಡನೇ ಇನಿಂಗ್ಸ್

ಇವತ್ತು ಒಂದು ಲೆಕ್ಕದಿಂದ ಶುರು ಮಾಡೋಣ.

2018ರ ಫೆಬ್ರವರಿ 3. ನ್ಯೂಜಿಲೆಂಡ್‌ನಲ್ಲಿ ನಡೆದ ಅಂಡರ್-19 ವಿಶ್ವಕಪ್ ಫೈನಲ್‌ನಲ್ಲಿ ಭಾರತದ ಹುಡುಗರು ಆಸ್ಟ್ರೇಲಿಯಾವನ್ನು 8 ವಿಕೆಟ್‌ಗಳಿಂದ ಸೋಲಿಸಿದ್ರು. ಬಿಸಿಸಿಐ ಬಹುಮಾನ ಘೋಷಿಸ್ತು. ಕೋಚ್ ದ್ರಾವಿಡ್‌ಗೆ 50 ಲಕ್ಷ, ಆಟಗಾರರಿಗೆ ತಲಾ 30 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ. ದ್ರಾವಿಡ್ ಒಪ್ಪಲಿಲ್ಲ. ಕೆಲಸ ಎಲ್ಲರೂ ಸೇರಿ ಮಾಡಿದ್ದು, ನನಗೆ ಮಾತ್ರ ಯಾಕೆ ಜಾಸ್ತಿ ಅನ್ನೋದು ಅವರ ವಾದ. ಕೊನೆಗೆ ಸಿಬ್ಬಂದಿಗೆಲ್ಲ ತಲಾ 25 ಲಕ್ಷ ಅಂತ ತೀರ್ಮಾನವಾಯ್ತು. ಕೋಚ್‌ಗೂ ಅಷ್ಟೇ. ಅಂದ್ರೆ ಅವರ ಪಾಲು ಅರ್ಧಕ್ಕೆ ಇಳೀತು.

ದೊಡ್ಡ ಮನಸ್ಸು ಅಂತ ಹೊಗಳಿ ಸುಮ್ಮನಾಗಬಹುದು. ಆದ್ರೆ ಇದರ ಹಿಂದೆ ಒಂದು ಪದ್ಧತಿ ಇದೆ. ಅದು ಅರ್ಥವಾಗಬೇಕಾದ್ರೆ ಅವರ ಆಟದ ದಿನಗಳನ್ನ ನೋಡಬೇಕು.

ದ್ರಾವಿಡ್ ಕರ್ನಾಟಕದ ಪರ ರಣಜಿಗೆ ಕಾಲಿಟ್ಟದ್ದು 1991ರಲ್ಲಿ. ಟೆಸ್ಟ್ ಕ್ಯಾಪ್ ಸಿಕ್ಕಿದ್ದು 1996ರ ಜೂನ್‌ನಲ್ಲಿ, ಲಾರ್ಡ್ಸ್‌ನಲ್ಲಿ. ಮಧ್ಯೆ ಐದು ವರ್ಷ ಕಾದಿದ್ದಾರೆ. ಆ ಅವಕಾಶವೂ ಬಂದದ್ದು ಸಂಜಯ್ ಮಾಂಜ್ರೇಕರ್ ಗಾಯಗೊಂಡಿದ್ದರಿಂದ. ಮೊದಲ ಇನಿಂಗ್ಸ್‌ನಲ್ಲೇ 95 ರನ್. ಮುಂದೆ 164 ಟೆಸ್ಟ್, 13,288 ರನ್, 36 ಶತಕ. ಒಂದೇ ಒಂದು ಅವಕಾಶದ ಬೆಲೆ ಏನು ಅಂತ ಇವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ, ಹೇಳಿ?

2000ದಲ್ಲಿ ಇಂಗ್ಲೆಂಡ್‌ಗೆ ಹೋಗಿ ಕೆಂಟ್ ಕೌಂಟಿ ಪರ ಆಡಿದ್ರು. ಅಲ್ಲಿ ಕೋಚ್ ಆಗಿದ್ದವರು ನ್ಯೂಜಿಲೆಂಡ್‌ನ ಜಾನ್ ರೈಟ್. ಅದೇ ವರ್ಷದ ಕೊನೆಗೆ ರೈಟ್ ಭಾರತ ತಂಡದ ಮೊದಲ ವಿದೇಶಿ ಕೋಚ್ ಆದ್ರು. ಹಾಗಾಗಿ ಕೋಚ್ ಅಂದ್ರೆ ಹೇಗಿರಬೇಕು ಅನ್ನೋದನ್ನ ದ್ರಾವಿಡ್ ಕೌಂಟಿ ಡ್ರೆಸ್ಸಿಂಗ್ ರೂಮ್‌ನಲ್ಲೂ ನೋಡಿದ್ರು, ಭಾರತದ ಡ್ರೆಸ್ಸಿಂಗ್ ರೂಮ್‌ನಲ್ಲೂ ನೋಡಿದ್ರು. ಸೋಲೂ ಗೊತ್ತು. 2007ರ ವಿಶ್ವಕಪ್‌ನಲ್ಲಿ ಅವರ ನಾಯಕತ್ವದ ತಂಡ ಮೊದಲ ಸುತ್ತಲ್ಲೇ ಹೊರಬಿತ್ತು.

2012ರಲ್ಲಿ ಟೆಸ್ಟ್‌ಗೆ ವಿದಾಯ. 2015ರಲ್ಲಿ ಭಾರತ ‘ಎ’ ಮತ್ತು ಅಂಡರ್-19 ತಂಡಗಳ ಕೋಚ್. ಅಲ್ಲಿ ಎರಡು ವಿಷಯ ಗಮನಿಸಿ.

ಒಂದು: ‘ಎ’ ತಂಡದ ಜೊತೆ ಪ್ರವಾಸಕ್ಕೆ ಬಂದ ಪ್ರತಿಯೊಬ್ಬನಿಗೂ ಕನಿಷ್ಠ ಒಂದು ಪಂದ್ಯ. ಎಳೆ ವಯಸ್ಸಲ್ಲಿ ತಾವೇ ‘ಎ’ ಪ್ರವಾಸಕ್ಕೆ ಹೋಗಿ, ಆಡದೆ ವಾಪಸ್ ಬರೋ ಸಂಕಟ ಅನುಭವಿಸಿದ್ದಾಗಿ ದ್ರಾವಿಡ್ ಹೇಳಿಕೊಂಡಿದ್ದಾರೆ. ಹುಡುಗ ದೇಶಿ ಕ್ರಿಕೆಟ್‌ನಲ್ಲಿ 700–800 ರನ್ ಹೊಡೆದು ಬಂದಿರ್ತಾನೆ. ಇಲ್ಲಿ ಬೆಂಚ್ ಮೇಲೆ ಕೂರಿಸಿದ್ರೆ ಮುಂದಿನ ಸೀಸನ್‌ನಲ್ಲಿ ಮತ್ತೆ ಸೊನ್ನೆಯಿಂದ ಶುರು.

ಎರಡು: ಒಬ್ಬ ಆಟಗಾರನಿಗೆ ಒಂದೇ ಅಂಡರ್-19 ವಿಶ್ವಕಪ್. 2016ರ ವಿಶ್ವಕಪ್ ನಂತರ ದ್ರಾವಿಡ್ ಒತ್ತಾಯದ ಮೇರೆಗೆ ಬಂದ ನಿಯಮ ಇದು. ವಾಷಿಂಗ್ಟನ್ ಸುಂದರ್‌ನೇ ತಗೊಳ್ಳಿ. 2016ರಲ್ಲಿ ಆಡಿದ್ರು, 2018ಕ್ಕೂ ವಯಸ್ಸಿತ್ತು, ಆದ್ರೂ ಕರೆಯಲಿಲ್ಲ. ಕಪ್ ಗೆಲ್ಲೋದೇ ಗುರಿಯಾಗಿದ್ರೆ ಅನುಭವಿಗಳನ್ನ ಬಿಡೋದು ದಡ್ಡತನ. ಆದ್ರೆ ಆ ತಂಡ ಇರೋದು ಮುಂದಿನ ಮೆಟ್ಟಿಲಿಗೆ ಆಟಗಾರರನ್ನ ತಯಾರು ಮಾಡೋಕೆ ಅನ್ನೋದಾದ್ರೆ, ಆ ಜಾಗ ಇನ್ನೊಬ್ಬ ಹುಡುಗನದ್ದು.

ಫಲ? 2021ರ ಜನವರಿ 19, ಬ್ರಿಸ್ಬೇನ್‌ನ ಗಾಬಾ. ಅರ್ಧ ತಂಡ ಗಾಯಗೊಂಡಿತ್ತು. ಎರಡನೇ ಇನಿಂಗ್ಸ್‌ನಲ್ಲಿ ಸಿರಾಜ್ 5 ವಿಕೆಟ್, ಗಿಲ್ 91, ಪಂತ್ ಔಟಾಗದೆ 89. ಮೊದಲ ಟೆಸ್ಟ್ ಆಡ್ತಿದ್ದ ಅದೇ ವಾಷಿಂಗ್ಟನ್ ಮೊದಲ ಇನಿಂಗ್ಸ್‌ನಲ್ಲಿ 62 ಹೊಡೆದಿದ್ರು. ಭಾರತ ಸರಣಿ ಗೆದ್ದಿತು. ಇವರೆಲ್ಲ ದ್ರಾವಿಡ್ ಕೈಕೆಳಗೆ ಅಂಡರ್-19 ಅಥವಾ ‘ಎ’ ತಂಡದಲ್ಲಿ ಪಳಗಿದವರು. ಜನ ದ್ರಾವಿಡ್‌ನ ಹೊಗಳಿದ್ರೆ, ಅವರು ಆ ಶ್ರೇಯಸ್ಸು ಹುಡುಗರದ್ದು ಅಂದ್ರು. ಅದೇ ಜುಲೈನಲ್ಲಿ ಶ್ರೀಲಂಕಾ ಪ್ರವಾಸಕ್ಕೂ ಅವರೇ ಕೋಚ್. ಮೂರನೇ ಏಕದಿನ ಪಂದ್ಯದಲ್ಲಿ ಒಂದೇ ದಿನ ಐವರಿಗೆ ಚೊಚ್ಚಲ ಕ್ಯಾಪ್. ಅವರಲ್ಲಿ ನಮ್ಮ ಕೆ. ಗೌತಮ್ ಕೂಡ ಒಬ್ಬರು.

ಹಾಗಂತ ಈ ಪದ್ಧತಿ ಎಲ್ಲ ಕಡೆ ನಡೆಯಲ್ಲ. 2021ರ ನವೆಂಬರ್‌ನಲ್ಲಿ ಹಿರಿಯರ ತಂಡದ ಕೋಚ್ ಆದಾಗ ಅದು ಗೊತ್ತಾಯ್ತು. ಅಲ್ಲಿ ಹನ್ನೊಂದೇ ಜಾಗ, ಗೆಲುವೇ ಅಳತೆ. 2022ರ ಆರಂಭದಲ್ಲಿ ವಿಕೆಟ್ ಕೀಪರ್ ವೃದ್ಧಿಮಾನ್ ಸಹಾಗೆ, ಇನ್ಮುಂದೆ ನಿಮ್ಮನ್ನ ಪರಿಗಣಿಸಲ್ಲ ಅಂತ ನೇರವಾಗಿ ಹೇಳಿದ್ರು. ಸಹಾ ಬೇಸರದಿಂದ ಅದನ್ನ ಹೊರಗೆ ಹೇಳಿದ್ರು. ದ್ರಾವಿಡ್ ಸಿಟ್ಟಾಗಲಿಲ್ಲ. ಸಹಾ ಮೇಲೆ ಗೌರವ ಇದೆ, ಪತ್ರಿಕೆ ಓದಿ ತಿಳ್ಕೊಳ್ಳೋದಕ್ಕಿಂತ ನನ್ನ ಬಾಯಿಂದಲೇ ಸತ್ಯ ಕೇಳೋ ಹಕ್ಕು ಅವರಿಗಿತ್ತು ಅನ್ನೋ ಅರ್ಥದ ಉತ್ತರ ಕೊಟ್ರು. ಅವಕಾಶ ಕೊಡೋಕೆ ಆಗದಿದ್ದಾಗ ಮುಖ ನೋಡಿ ಹೇಳೋದು. ಇದೂ ಕೋಚ್ ಕೆಲಸವೇ.

ಸೋಲುಗಳೂ ಬಂದ್ವು. 2022ರ ಟಿ20 ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ 10 ವಿಕೆಟ್ ಸೋಲು. 2023ರ ನವೆಂಬರ್ 19ರಂದು ಅಹಮದಾಬಾದ್ ಫೈನಲ್. ಅದನ್ನ ನೆನಪಿಸೋದೇ ಬೇಡ ಬಿಡಿ. ಕೊನೆಗೆ 2024ರ ಜೂನ್ 29, ಬಾರ್ಬಡೋಸ್. ದಕ್ಷಿಣ ಆಫ್ರಿಕಾ ವಿರುದ್ಧ 7 ರನ್ ಗೆಲುವು. ಆಟಗಾರನಾಗಿ ವಿಶ್ವಕಪ್ ಗೆಲ್ಲದವರು ಕೋಚ್ ಆಗಿ ತಮ್ಮ ಕೊನೆಯ ಪಂದ್ಯದಲ್ಲಿ ಟ್ರೋಫಿ ಎತ್ತಿದ್ರು. ಆಗಲೂ ಹೆಚ್ಚುವರಿ ಬೋನಸ್ ಬೇಡ, ಉಳಿದ ಕೋಚ್‌ಗಳಿಗೆ ಸಿಗೋವಷ್ಟೇ ಸಾಕು ಅಂದ್ರು ಅಂತ ವರದಿಯಾಗಿತ್ತು.

ಈಗ ನಮ್ಮ ಕಡೆ ಬನ್ನಿ. ಮಧುಗಿರಿ, ಸಿರಾ, ಕೊರಟಗೆರೆ ಇರಲಿ, ಪಾವಗಡ ಕಡೆಯ ಕ್ಯಾತಗಾನಚೆರ್ಲು ಥರದ ಊರಿರಲಿ, ಟೆನಿಸ್ ಬಾಲ್ ಟೂರ್ನಮೆಂಟ್ ಅಂದ್ರೆ ಟೀಮ್ ನಡೆಸೋ ಒಬ್ಬ ಅಣ್ಣ ಇದ್ದೇ ಇರ್ತಾನೆ. ಕೋಚ್ ಅನ್ನೋ ಹೆಸರಿರಲ್ಲ, ಆದ್ರೆ ಯಾರು ಆಡಬೇಕು ಅಂತ ತೀರ್ಮಾನ ಮಾಡೋದು ಅವನೇ. ಆ ಅಣ್ಣ ನೀವೇ ಆಗಿದ್ರೆ ದ್ರಾವಿಡ್‌ರಿಂದ ಎರಡು ಮಾತು ತಗೊಳ್ಳಿ. ಫೈನಲ್‌ಗೆ ಬಲವಾದ ಹನ್ನೊಂದು ಜನರನ್ನೇ ಇಳಿಸಿ, ತಪ್ಪಿಲ್ಲ. ಆದ್ರೆ ಪ್ರ್ಯಾಕ್ಟೀಸ್ ಮ್ಯಾಚ್‌ನಲ್ಲಿ ಬರೀ ಬಾಲ್ ಎತ್ಕೊಂಡು ಬರೋ ಹುಡುಗನಿಗೂ ಒಮ್ಮೆ ಬ್ಯಾಟ್ ಕೊಡಿ. ಮತ್ತೆ ಯಾರನ್ನಾದ್ರೂ ಕೈಬಿಟ್ರೆ ವಾಟ್ಸಾಪ್ ಗ್ರೂಪ್‌ನಲ್ಲಿ ಲಿಸ್ಟ್ ಹಾಕೋ ಮೊದಲು ಅವನಿಗೊಂದು ಫೋನ್ ಮಾಡಿ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.